ಅಜ್ಜಿಯ ಹುಟ್ಟುಹಬ್ಬ ಹುಡುಕಿಕೊಂಡು ಮುನ್ಸಿಪಾಲ್ಟಿಗೆ

ಪ್ರತಿ ವರ್ಷ ಜೂನ್ 1ಕ್ಕೆ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಕೇಕಿನ ಇಮೋಜಿಗಳ ಮಳೆ. ಅಜ್ಜಿಯ ಬರ್ತ್‌ಡೇ. ಫೋನ್ ಮಾಡಿದವರಿಗೆಲ್ಲ ಅಜ್ಜಿ ಒಂದೇ ಮಾತು ಹೇಳ್ತಾಳೆ: "ಅದು ನಾ ಹುಟ್ಟಿದ ದಿನ ಅಲ್ಲವ್ವಾ, ನಮ್ಮ ಸಾಲಿ ಮಾಸ್ತರು ಬರದ ದಿನ."

ನಿಮ್ಮ ಮನೆಯಲ್ಲೂ ಒಬ್ಬರಾದರೂ ಜೂನ್ 1ರ ಅಜ್ಜ ಅಥವಾ ಅಜ್ಜಿ ಇರ್ತಾರೆ, ಕೇಳಿ ನೋಡಿ. ಶಾಲೆ ಶುರುವಾಗುವ ದಿನವನ್ನೇ ಮಾಸ್ತರರು ಹುಟ್ಟಿದ ದಿನ ಅಂತ ಬರೆದುಬಿಡುತ್ತಿದ್ದ ಕಾಲ ಅದು. ಬಲಗೈ ತಲೆಯ ಮೇಲಿಂದ ಹಾಯ್ದು ಎಡಗಿವಿ ಮುಟ್ಟಿದರೆ ಆರು ವರ್ಷ ತುಂಬಿತು ಅಂತ ಲೆಕ್ಕ. ಅಜ್ಜಿಯ ಕೈ ಮುಟ್ಟಲಿಲ್ಲವಂತೆ. ಮಾಸ್ತರರು ಅಪ್ಪನ ಗೆಳೆಯರು, ತಲೆಯನ್ನೇ ಸ್ವಲ್ಪ ವಾಲಿಸಿ ಮುಟ್ಟಿಸಿದರಂತೆ. ಹಾಗೆ ಅವಳು 1-6-1935ರಲ್ಲಿ ಹುಟ್ಟಿದವಳಾದಳು.

ನಿಜವಾಗಿ ಯಾವಾಗ ಹುಟ್ಟಿದ್ದು ಅಂದರೆ ಅವಳ ಹತ್ತಿರ ಇದ್ದದ್ದು ತನ್ನ ಅವ್ವ ಹೇಳಿದ ಒಂದೇ ಸುಳಿವು. "ಕಾರ್ತೀಕದಾಗ, ಮುನಸಿಪಾಲ್ಟಿ ದೀಪದಾಂವ ಓಣಿಗೆ ಬಂದು ಕಂಬಕ್ಕ ನಿಚ್ಚಣಿಕಿ ಹಚ್ಚಿದಾಗ." ಇಸವಿ ಗೊತ್ತಿಲ್ಲ, ತಾರೀಖು ಗೊತ್ತಿಲ್ಲ. ಗೊತ್ತಿರುವುದು ದೀಪ ಹಚ್ಚುವವನೊಬ್ಬನೇ. ಕಳೆದ ವರ್ಷ ರಜೆ ಉಳಿದಿತ್ತು. ಹುಡುಕಿಯೇ ಬಿಡೋಣ ಅಂತ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದೆ.

ಬೆಳಗಿನ ಜಾವ ಹಾವೇರಿಯಲ್ಲಿ ಇಳಿದರೆ ಮಾಮಾ ಬೈಕ್ ತಂದು ನಿಂತಿದ್ದರು. ಅಲ್ಲಿಂದ ಒಂದು ತಾಸಿನ ದಾರಿ. ಊರಿನ ಹೆಸರು ಹೇಳೋದಿಲ್ಲ. ಅಲ್ಲಿಯ ರೆಕಾರ್ಡ್ ರೂಮಿನ ಕಾಕಾ ಬಹಳ ಒಳ್ಳೆಯವರು, ನೀವೆಲ್ಲ ಹೋಗಿ ಸಾಲು ಹಚ್ಚೋದು ಬೇಡ. ಬಸ್‌ಸ್ಟ್ಯಾಂಡು, ಮೆಣಸಿನಕಾಯಿ ಘಾಟು, ನಾಲ್ಕು ಓಣಿ, ಒಂದು ಕೆರೆ, ನಡುವೆ ಹಂಚಿನ ಪುರಸಭೆ. ಇಷ್ಟು ಸಾಕು.

ಪುರಸಭೆ ಅಂದರೆ ನನ್ನ ತಲೆಯಲ್ಲಿದ್ದದ್ದು ಕಸದ ಗಾಡಿ ಮತ್ತು ಪ್ರಾಪರ್ಟಿ ಟ್ಯಾಕ್ಸ್ ಆ್ಯಪ್ ಮಾತ್ರ. ಆ ಕೋಣೆಯಲ್ಲಿ ಕೂತ ಮೂರು ದಿನ ನನಗೆ ಬೇರೆಯೇ ಊರು ಕಂಡಿತು.

ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. 1956ರ ನವೆಂಬರ್ 1ರವರೆಗೆ ಈ ಸೀಮೆ ಮುಂಬೈ ಪ್ರಾಂತ್ಯದ್ದು. ಅಲ್ಲಿಯ ಚಿಕ್ಕ ಊರುಗಳ ಮುನ್ಸಿಪಾಲ್ಟಿ ನಡೆಯುತ್ತಿದ್ದದ್ದು 1901ರ ಮುಂಬೈ ಜಿಲ್ಲಾ ಮುನ್ಸಿಪಲ್ ಕಾಯ್ದೆಯ ಮೇಲೆ. ಅದಕ್ಕೂ ಮೊದಲು 1882ರಲ್ಲಿ ಲಾರ್ಡ್ ರಿಪ್ಪನ್, ಊರಿನ ಕೆಲಸ ಊರಿನವರೇ ನೋಡಿಕೊಳ್ಳಲಿ ಅಂತ ಹೊರಡಿಸಿದ ನಿರ್ಣಯವನ್ನು ಶಾಲೆಯಲ್ಲಿ ಎರಡು ಮಾರ್ಕಿಗೆ ಓದಿದ್ದೆವಲ್ಲ, ಅದೇ. ಓದುವಾಗ ಅದಕ್ಕೂ ನಮ್ಮಜ್ಜಿಗೂ ಸಂಬಂಧ ಇರಬಹುದು ಅಂತ ಅನ್ನಿಸಿರಲಿಲ್ಲ. ಕಾಯ್ದೆ ಹೊರಿಸಿದ ಕೆಲಸಗಳ ಪಟ್ಟಿ ಚಿಕ್ಕದಲ್ಲ. ಬೀದಿಗೆ ದೀಪ, ಧೂಳಿಗೆ ನೀರು, ಚರಂಡಿ, ಬೆಂಕಿ ಬಿದ್ದರೆ ಆರಿಸೋದು, ಸಿಡುಬಿನ ದಾಕು, ಪ್ರಾಥಮಿಕ ಶಾಲೆ, ದವಾಖಾನೆ, ಸ್ಮಶಾನ. ಜೊತೆಗೆ ಜನನ ಮರಣದ ದಾಖಲೆ.

ಕಾಕಾ ನನ್ನ ಅರ್ಜಿ ಓದಿ, ಕನ್ನಡಕ ಮೇಲೇರಿಸಿ ಕೇಳಿದರು: "ಯಾವ ಸಾಲಿಂದು ಅಕ್ಕಾರ?"

"ಮೂವತ್ನಾಲ್ಕರಿಂದ ಮೂವತ್ತೆಂಟು, ಕಾಕಾ. ಕಾರ್ತೀಕ ಮಾಸ."

"ಇಸ್ವಿ ಇಲ್ಲದ ಅರ್ಜಿ ಭಾಳ ನೋಡೇನಿ. ತಿಥಿ ತಗೊಂಡು ಬಂದಾಕಿ ನೀವ ಮೊದಲನೇದವರು."

ಕಾಯ್ದೆ ಪ್ರಕಾರ ಹುಡುಕೋದು ಅವರ ಕೆಲಸ, ನಾವು ಫೀ ಕಟ್ಟಿ ಕೂರಬೇಕು. ಅವರು ಪುಟ ತಿರುವುತ್ತಿದ್ದರು. ಕಾಗದ ಹಪ್ಪಳದ ಹಾಗೆ, ಜೋರಾಗಿ ಉಸಿರು ಬಿಟ್ಟರೂ ಅಂಚು ಉದುರುತ್ತಿತ್ತು. ನಾನು ಸುಮ್ಮನೆ ಕೂರಲಾರದೆ ಪಕ್ಕದ ಕಪಾಟಿನಲ್ಲಿದ್ದ ಹಳೆಯ ಠರಾವು ಪುಸ್ತಕ ನೋಡಬಹುದಾ ಅಂತ ಕೇಳಿದೆ. "ನೋಡ್ರಿ, ಬಾಯಾಗಿನ ಉಗುಳ ಹಚ್ಚಿ ಹಾಳಿ ತಿರುವಬ್ಯಾಡ್ರಿ ಮತ್ತ" ಅಂದರು.

ಆ ಪುಸ್ತಕ ಓದುತ್ತಾ ಊಟ ಮರೆತೆ. ದೊಡ್ಡ ವಿಷಯ ಯಾವುದೂ ಇಲ್ಲ. ಪೇಟೆ ಬಾವಿಯ ರಾಟೆ ಸವೆದಿದೆ, ಹೊಸದು ತರಬೇಕು. ಕಸದ ಗಾಡಿಯ ಒಂದು ಎತ್ತು ಕುಂಟುತ್ತಿದೆ, ಮಾರಿ ಬೇರೆ ತರಬೇಕೋ ಬೇಡವೋ, ಮುಂದಿನ ಸಭೆಗೆ ಇಡತಕ್ಕದ್ದು. ಮುಂದಿನ ಸಭೆಯಲ್ಲಿ ಮತ್ತೆ ಅದೇ ಎತ್ತು. ಮೂರನೇ ಸಭೆಯಲ್ಲೂ ಅದೇ ಎತ್ತು, ಒಬ್ಬ ಸದಸ್ಯರು ಎತ್ತು ಸರಿಯಾಗಿಯೇ ಇದೆ ಅಂತ ವಿರೋಧ ಬರೆಸಿದ್ದಾರೆ. ನಮ್ಮ ಆಫೀಸಿನ ಸೋಮವಾರದ ಮೀಟಿಂಗ್ ನೆನಪಾಗಿ ಒಬ್ಬಳೇ ನಕ್ಕೆ. ಸೂಚಕರು, ಅನುಮೋದಕರು, ಸರ್ವಾನುಮತದಿಂದ ಪಾಸು. ಒಂದು ಕಂದೀಲಿನ ಗಾಜು ಒಡೆದರೂ ಅದಕ್ಕೆ ಠರಾವು.

ದೀಪದ ವಿಷಯ ನನಗೆ ಬೇಕಾಗಿತ್ತು, ಅದನ್ನು ಗಮನವಿಟ್ಟು ಓದಿದೆ. ಕರೆಂಟು ಬರುವ ಮೊದಲು ಓಣಿ ಮೂಲೆಗೆ ಒಂದೊಂದು ಕಂಬ, ಅದರ ತುದಿಗೆ ಗಾಜಿನ ಪೆಟ್ಟಿಗೆ, ಒಳಗೆ ಸೀಮೆಎಣ್ಣೆ ದೀಪ. ದೀಪದವನು ಹಗಲು ಗಾಜು ಒರೆಸಿ ಬತ್ತಿ ಕತ್ತರಿಸಬೇಕು, ಸಂಜೆ ನಿಚ್ಚಣಿಕೆ ಹೊತ್ತು ಎಣ್ಣೆ ಹಾಕಿ ಹಚ್ಚಬೇಕು. ಎಣ್ಣೆ ದುಬಾರಿ. ಆದ್ದರಿಂದ ಬೆಳದಿಂಗಳ ರಾತ್ರಿಗಳಲ್ಲಿ ದೀಪ ಹಚ್ಚುತ್ತಿರಲಿಲ್ಲ. ಚಂದ್ರನಿಗೆ ಸಂಬಳ ಕೊಡಬೇಕಿಲ್ಲವಲ್ಲ!

ಇದನ್ನು ಓದಿದ ಕೂಡಲೇ ನಾನು ಎದ್ದು ನಿಂತೆ. "ಕಾಕಾ, ಹುಣ್ಣಿಮಿ ಹಿಂದ ಮುಂದ ನೋಡಬ್ಯಾಡ್ರಿ. ದೀಪ ಹಚ್ಚ್ಯಾರ ಅಂದ್ರ ಬೆಳದಿಂಗಳಿರಲಿಲ್ಲ." ಕಾಕಾ ನನ್ನನ್ನು ಒಂದು ಕ್ಷಣ ನೋಡಿ, "ಪೊಲೀಸ್ ಖಾತೆಗೆ ಸೇರಬೇಕಿತ್ತು ನೀವು" ಅಂದರು.

ಖರ್ಚಿನ ಬಾಬ್ತು ಇಷ್ಟಾದರೆ ದುಡ್ಡು ಎಲ್ಲಿಂದ? ಮನೆಪಟ್ಟಿ ಇತ್ತು, ನೀರಪಟ್ಟಿ ಇತ್ತು, ಬಂಡಿ ಕುದುರೆಗಳ ಮೇಲೆ ಪಟ್ಟಿ ಹಾಕಬಹುದಿತ್ತು, ಸಾಕಿದ ನಾಯಿಯ ಮೇಲೂ ತೆರಿಗೆ ಹಾಕಲು ಆ ಕಾಯ್ದೆಯಲ್ಲಿ ಅವಕಾಶ ಇತ್ತು. ಆದರೆ ಕೈ ಹಿಡಿಯುತ್ತಿದ್ದದ್ದು ಜಕಾತಿ. ಊರು ಸೇರುವ ಪ್ರತಿ ದಾರಿಗೂ ಒಂದು ನಾಕಾ, ಅಡ್ಡಗೋಲು, ತಕ್ಕಡಿ, ಒಬ್ಬ ಕಾರಕೂನ. ಒಳಗೆ ಬಂದು ಖರ್ಚಾಗುವ ಬೆಲ್ಲ, ತುಪ್ಪ, ಕಾಳು, ಬಟ್ಟೆ, ಕಟ್ಟಿಗೆ ಎಲ್ಲಕ್ಕೂ ಸುಂಕ. ಊರು ಹಾಯ್ದು ಆಚೆ ಹೋಗುವ ಮಾಲಾದರೆ ಪಾವತಿ ತೋರಿಸಿ ವಾಪಸ್ ತಗೋಬೇಕು. ಅದಕ್ಕೆ ಗಾಡಿ ನಿಂತೇ ಇರಬೇಕು. ಮನೆಗೆ ಹೊಸ ಪಟ್ಟಿ ಹಾಕಿದರೆ ಮತ ಹಾಕಿದವರೇ ಬಾಗಿಲಿಗೆ ಬಂದು ಬೈತಾರೆ. ಜಕಾತಿಯಾದರೆ ಬೈಯುವವನು ಗಾಡಿಯವನು, ಅವನು ಊರಿನವನಲ್ಲ. ಆ ಕಾಲದ ಸದಸ್ಯರು ದಡ್ಡರಲ್ಲ ಬಿಡಿ.

ಅಜ್ಜಿಯ ಅವ್ವ ತವರಿನಿಂದ ಬರುವಾಗ ಬುತ್ತಿ ಗಂಟಿನೊಳಗೆ ತುಪ್ಪದ ಗಿಂಡಿ ಮುಚ್ಚಿಟ್ಟು, ಅದರ ಮೇಲೆ ಕೂಸನ್ನು ಕೂರಿಸಿ ನಾಕಾ ದಾಟುತ್ತಿದ್ದಳಂತೆ. ಕೂಸು ನಮ್ಮಜ್ಜಿಯೇ. ಸ್ಮಗ್ಲಿಂಗ್ ನಮ್ಮ ಮನೆತನದಲ್ಲಿ ಮೊದಲಿಂದ ಇದೆ ಅಂತ ಮಾಮಾ ಈಗಲೂ ಹೇಳ್ತಾರೆ.

ಕರ್ನಾಟಕದಲ್ಲಿ ಈ ಸುಂಕ ಹೋದದ್ದು 1979ರಲ್ಲಿ. ನಾಕಾಗಳು ಬಿದ್ದುಹೋದರೂ ಹೆಸರು ಬಿಟ್ಟು ಹೋಗಿವೆ. ಧಾರವಾಡದಲ್ಲಿ ಟೋಲ್ ನಾಕಾ ಅಂತ ಈಗಲೂ ಬಸ್ ಸ್ಟಾಪ್ ಇದೆ. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಟೋಲ್‌ಗೇಟ್. ನಾನು ಬಾಡಿಗೆಗಿರೋದು ಸುಂಕದಕಟ್ಟೆಯಲ್ಲಿ. ಆರು ವರ್ಷದಿಂದ ಸ್ವಿಗ್ಗಿಗೆ ಆ ಹೆಸರು ಟೈಪ್ ಮಾಡ್ತಿದ್ದೀನಿ, ಅದರಲ್ಲಿ ಸುಂಕ ಇದೆ ಅಂತ ಅವತ್ತೇ ಹೊಳೆದದ್ದು.

ಮರಣದ ಪುಸ್ತಕವನ್ನು ನಾನು ಹೆಚ್ಚು ನೋಡಲಿಲ್ಲ. ಸಾವಿನ ಕಾರಣ ಅನ್ನುವ ಕಾಲಮ್ಮಿನಲ್ಲಿ ಜ್ವರ, ಜ್ವರ, ಜ್ವರ. ನಡುವೆ ಪ್ಲೇಗು. 1896ರಲ್ಲಿ ಮುಂಬೈಗೆ ಬಂದ ಪ್ಲೇಗು ಎರಡು ವರ್ಷದಲ್ಲಿ ಈ ಕಡೆಯನ್ನೆಲ್ಲ ಹಿಡಿದಿತ್ತು, ಆಮೇಲೂ ದಶಕಗಳ ಕಾಲ ಬಂದು ಬಂದು ಹೋಗುತ್ತಿತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಡಂಗುರ, ಎಲ್ಲರೂ ಊರು ಬಿಟ್ಟು ಹೊಲದಲ್ಲಿ ಗುಡಿಸಲು. ಕೋವಿಡ್ ಕಂಡ ನಮಗೆ ಆ ಪುಟಗಳನ್ನು ವಿವರಿಸಿ ಹೇಳಬೇಕಿಲ್ಲ.

ಎರಡನೇ ದಿನ ಮಧ್ಯಾಹ್ನ ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಸಣ್ಣ ಸಾಲು. ಪಗಾರದ ಪಟ್ಟಿ. ಸೆಕ್ರೆಟರಿ, ಕಾರಕೂನ, ನಾಕೇದಾರ, ಸಿಪಾಯಿ, ಇವರಿಗೆಲ್ಲ ಹೆಸರಿದೆ. ಕೆಳಗೆ ಬಂದರೆ ಭಂಗಿಗಳು ಅಂತ ಬರೆದು ಮುಂದೆ ಬರೀ ಸಂಖ್ಯೆ. ಹೆಸರಿಲ್ಲ. ಕಸದ ಗಾಡಿಯ ಕುಂಟು ಎತ್ತಿಗೆ ಮೂರು ಸಭೆ, ಮಲ ಹೊರುವ ಮನುಷ್ಯರಿಗೆ ಒಂದು ಅಂಕಿ.

ರಾತ್ರಿ ಫೋನಿನಲ್ಲಿ ಅಜ್ಜಿಯನ್ನು ಕೇಳಿದೆ. ಹಿತ್ತಲ ಹಿಂದೆ ಒಂದು ಸಂದಿ ಇತ್ತು, ದಿನಾ ಬೆಳಿಗ್ಗೆ ಒಬ್ಬಳು ಡಬ್ಬಿ ಹೊತ್ತು ಆ ಸಂದಿಯಿಂದ ಬರುತ್ತಿದ್ದಳು, ಹಬ್ಬಕ್ಕೆ ಅವ್ವ ದೂರದಿಂದ ಹೋಳಿಗೆ ಕೊಡುತ್ತಿದ್ದಳು ಅಂದಳು. ಹೆಸರು?

"ಹೆಸರ ಕೇಳಿಲ್ಲ ನೋಡವ್ವಾ" ಅಂದ ಅಜ್ಜಿ ಬಹಳ ಹೊತ್ತು ಮಾತಾಡಲಿಲ್ಲ. ನೆಟ್‌ವರ್ಕ್ ಹೋಯಿತು ಅಂದುಕೊಂಡೆ.

ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಷೇಧಿಸಿದ್ದು 1970ರ ದಶಕದ ಆರಂಭದಲ್ಲಿ, ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು. ದೇಶಕ್ಕೆ ಕಾಯ್ದೆ ಬಂದದ್ದು 1993ರಲ್ಲಿ, ಮತ್ತೊಮ್ಮೆ 2013ರಲ್ಲಿ. ಎರಡರ ನಡುವೆ, 2010ರ ಜುಲೈನಲ್ಲಿ, ಇದೇ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಈ ಸಮುದಾಯದವರು, ತಾವಿದ್ದ ಜಾಗದಿಂದ ಎಬ್ಬಿಸುವುದನ್ನು ವಿರೋಧಿಸಿ ಪುರಸಭೆಯ ಮುಂದೆ ತಮ್ಮ ಮೈಮೇಲೆ ತಾವೇ ಮಲ ಸುರಿದುಕೊಂಡರು. ನಾನಾಗ ಹೈಸ್ಕೂಲು. ಟಿವಿಯಲ್ಲಿ ಬಂದಾಗ ಅಪ್ಪ ಚಾನೆಲ್ ಬದಲಿಸಿದ್ದು ನೆನಪಿದೆ.

ಮೂರನೇ ದಿನ ಹನ್ನೊಂದರ ಹೊತ್ತಿಗೆ ಕಾಕಾ ಮೆಲ್ಲಗೆ ಕರೆದರು. ಬೆರಳನ್ನು ಕಾಗದಕ್ಕೆ ತಾಗಿಸದೆ ಒಂದು ಸಾಲಿನ ಮೇಲೆ ಹಿಡಿದಿದ್ದರು. 8-12-1936. ನನ್ನ ಮುತ್ತಜ್ಜನ ಹೆಸರು, ಓಣಿಯ ಹೆಸರು. ಮಗುವಿನ ಹೆಸರಿನ ಜಾಗ ಖಾಲಿ, ಪಕ್ಕದಲ್ಲಿ "ಹೆಣ್ಣು" ಅಂತಷ್ಟೇ. ಫೋನಿನಲ್ಲಿ ಹಳೆಯ ಪಂಚಾಂಗ ತೆಗೆದು ನೋಡಿದೆ. ಕಾರ್ತೀಕ ಬಹುಳ, ಚಂದ್ರ ಏಳುವುದು ತಡರಾತ್ರಿ. ದೀಪದವನು ಬರಲೇಬೇಕಾಗಿದ್ದ ಸಂಜೆ.

ಆಗೆಲ್ಲ ಹೆಸರಿಡುವ ಮೊದಲೇ ವರದಿ ಕೊಡುತ್ತಿದ್ದರು, ಆಮೇಲೆ ಯಾರೂ ಹೋಗಿ ಸೇರಿಸುತ್ತಿರಲಿಲ್ಲ. (ಹೊಸ ಅಪ್ಪ ಅಮ್ಮಂದಿರೇ, ಮಗುವಿನ ಹೆಸರನ್ನು ಹನ್ನೆರಡು ತಿಂಗಳೊಳಗೆ ಫೀ ಇಲ್ಲದೆ ಸೇರಿಸಬಹುದು, ಆಮೇಲೆ ಹದಿನೈದು ವರ್ಷದವರೆಗೆ ದಂಡ ಕಟ್ಟಿ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗಂತೂ ಶಾಲೆಗೆ, ಆಧಾರಿಗೆ, ಪಾಸ್‌ಪೋರ್ಟಿಗೆ ಈ ಕಾಗದವೇ ಬೇಕು. ಮುಂದೂಡಬೇಡಿ.)

ವರದಿ ಕೊಟ್ಟವರು ಅನ್ನುವ ಕೊನೆಯ ಕಾಲಮ್ಮಿನಲ್ಲಿ ಸೂಲಗಿತ್ತಿ ಅಂತ ಇತ್ತು. ಅದರ ಮುಂದೆ ನೀಲಿ ಮಾಸಿದ ಒಂದು ಹೆಬ್ಬೆಟ್ಟು.

ನಕಲು ತಗೊಂಡು ಸಂಜೆ ಅಜ್ಜಿಯ ಮುಂದೆ ಕೂತೆ. ಓದಿ ಹೇಳಿದೆ. ಅವಳು ತಾರೀಖಿಗಿಂತ ಮೊದಲು ಹೆಬ್ಬೆಟ್ಟಿನ ಗುರುತು ನೋಡಬೇಕು ಅಂದಳು. ಫೋಟೋ ಕಾಪಿಯಲ್ಲಿ ಅದು ಬರೀ ಕಪ್ಪು ಚುಕ್ಕೆ. ಅದರ ಮೇಲೆ ಬೆರಳಾಡಿಸಿ, "ನನ್ನ ಮೊದಲ ಮುಟ್ಟಿದಾಕಿ" ಅಂದಳು.

ಆಮೇಲೆ ಒಮ್ಮೆಲೇ ಏನೋ ನೆನಪಾದವಳ ಹಾಗೆ ಮುಖ ಮಾಡಿದಳು. ಅಜ್ಜಿ ಪ್ರೈಮರಿ ಶಾಲೆ ಟೀಚರಾಗಿದ್ದವಳು, ಆಗ ನಿವೃತ್ತಿ 58ಕ್ಕೆ. ಜೂನ್ 1ರ ಲೆಕ್ಕದಲ್ಲಿ 1993ರ ಮೇ 31ಕ್ಕೆ ಹಾರ ಹಾಕಿ ಮನೆಗೆ ಕಳಿಸಿದ್ದರು.

"ಇದರ ಪ್ರಕಾರ ಯಾವಾಗ ರಿಟೈರ್ ಆಗಬೇಕಿತ್ತು ನಾ?"

"1994ರ ಡಿಸೆಂಬರ್ ಕೊನೆಗೆ, ಅಜ್ಜಿ."

ಬೆರಳು ಮಡಚಿ ಎಣಿಸಿದಳು. "ಹತ್ತೊಂಬತ್ತು ತಿಂಗಳ ಪಗಾರ ತಿಂದಾನಲ್ಲವ್ವಾ ಆ ಮಾಸ್ತರ! ನಿನ್ನ ಫೋನಿನಾಗ ಲೆಕ್ಕಾ ಹಾಕು, ಎಷ್ಟಾಕ್ಕೈತಿ ನೋಡೂಣು."