ಗೋಡೆ ಮುಟ್ಟದೆ ಸುತ್ತು ಮುಗಿಸಿ

ಸೊಲ್ಲಾಪುರ ಬಳಿಯ ವಳಸಂಗದ ಮನೆಯಲ್ಲಿ ಕೂತೇ ಮೊನಾಕೊದ ಬೀದಿಗಳಲ್ಲಿ ಆನ್‌ಲೈನ್ ರೇಸ್ ಆಡಬಹುದು. ಒಂದು ಸುತ್ತು 3.337 ಕಿ.ಮೀ., 19 ತಿರುವು. ಬೇರೆ ಹಲವು ಟ್ರ್ಯಾಕ್‌ಗಳಲ್ಲಿ ತಪ್ಪಿದರೆ ಹುಲ್ಲು, ಜಲ್ಲಿ. ಇಲ್ಲಿ ನೇರ ತಡೆಗೋಡೆ. ಮುಂದಿನ ಕಾರನ್ನು ದಾಟಲು ಜಾಗ ಸಿಗುವುದೇ ಕಷ್ಟ, ಹಾಗಾಗಿ ಆರಂಭದ ಸ್ಥಾನ ನಿರ್ಧರಿಸುವ ಕ್ವಾಲಿಫೈಯಿಂಗ್‌ನಲ್ಲೇ ಅರ್ಧ ರೇಸ್ ತೀರ್ಮಾನವಾಗುತ್ತದೆ.

2020ರಲ್ಲಿ ಕೋವಿಡ್‌ನಿಂದ ಅಲ್ಲಿನ ರೇಸ್ ರದ್ದಾದಾಗ ಫಾರ್ಮುಲಾ 1 (ಎಫ್‌1) ಚಾಲಕರೂ ಮನೆಯಿಂದಲೇ ಈ ಬೀದಿಗಳಲ್ಲಿ ಸ್ಪರ್ಧಿಸಿದರು. ಗೆದ್ದವರು ಜಾರ್ಜ್ ರಸೆಲ್. 2025ರ ಮೇನಲ್ಲಿ ನಮ್ಮ ಬೆಂಗಳೂರಿನ ಕುಶ್ ಮೈನಿ ನಿಜವಾದ ಮೊನಾಕೊದಲ್ಲೇ ಎಫ್‌2 ಸ್ಪ್ರಿಂಟ್ ರೇಸ್ ಗೆದ್ದರು. ಎಂಥ ಹೆಮ್ಮೆ!

ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಹುಡುಗ ಹುಡುಗಿಯರೇ, ಸ್ಟಿಯರಿಂಗ್ ಹಿಡಿಯಿರಿ. ಮೊದಲು ಗೋಡೆ ಮುಟ್ಟದೆ ಸುತ್ತು ಮುಗಿಸುವುದನ್ನು ಕಲಿಯಿರಿ. ವೇಗ ತಾನಾಗಿ ಬರುತ್ತದೆ.