ಆಶೀರ್ವಾದ ಬರೆಸುವ ಮೇಜು

ಲಗ್ನಪತ್ರಿಕೆಯ ಅಡಿಯಲ್ಲಿ ಈಗ ಒಂದು ಸಾಲು ಖಾಯಂ ಆಗಿದೆ: ‘ಆಶೀರ್ವಾದವೇ ಉಡುಗೊರೆ’. ಓದಿದವರಿಗೆ ಸಮಾಧಾನವೇನೋ ಆಗುತ್ತದೆ. ಆದರೂ ಹೊರಡುವಾಗ ಐನೂರಾಒಂದರ ಲಕೋಟೆ ಜೇಬಿಗಿಳಿಯುತ್ತದೆ. ಲಕೋಟೆಯನ್ನು ಈಸಿಕೊಳ್ಳಲು ಛತ್ರದಲ್ಲಿ ಜನವಿರುತ್ತಾರೆ. ಆಶೀರ್ವಾದವನ್ನು ಈಸಿಕೊಳ್ಳುವವರು ಯಾರು? ಗಟ್ಟಿಮೇಳ ಮೊಳಗಿದಾಗ ಹಿಂದಿನ ಸಾಲಿನಿಂದ ಎಸೆದ ಅಕ್ಷತೆಯಲ್ಲಿ ಅರ್ಧ ವಿಡಿಯೋದವನ ಬೆನ್ನಿಗೆ, ಉಳಿದರ್ಧ ಮುಂದೆ ಕುಳಿತವರ ತುರುಬಿಗೆ. ರಿಸೆಪ್ಷನ್ನಿನ ಸಾಲಿನಲ್ಲಿ ನಿಂತು ನಿಂತು ವೇದಿಕೆ ಹತ್ತಿದರೆ ‘ಸಾರ್, ಇಲ್ನೋಡಿ’ ಎನ್ನುವ ಫೋಟೋದವನ ಮಾತೊಂದನ್ನು ಬಿಟ್ಟು ಬೇರೆ ಮಾತಿಗೆ ಅಲ್ಲಿ ಜಾಗವಿಲ್ಲ.

ಹಳೆಯ ಮದುವೆಗಳಲ್ಲಿ ಬರಹ ಪಕ್ಕಾ ಇತ್ತು. ಚಪ್ಪರದ ಮೂಲೆಯಲ್ಲೊಂದು ಮೇಜು, ಅದರ ಹಿಂದೆ ದುಂಡಕ್ಷರದ ಒಬ್ಬ ಚಿಕ್ಕಪ್ಪ, ಅವರ ಮುಂದೆ ಮುಯ್ಯಿಯ ಉದ್ದನೆ ಪುಸ್ತಕ. ಹೆಸರು, ಊರು, ಮೊಬಲಗು. ಅಕ್ಕಿ, ಬೆಲ್ಲ, ತೆಂಗಿನಕಾಯಿ ತಂದವರಿದ್ದರೆ ಅದೂ ಬರಹಕ್ಕೆ ಬಂತು. ಮೊಬಲಗನ್ನು ಹೆಸರು ಸಮೇತ ಮೈಕಿನಲ್ಲಿ ಕೂಗಿ ಹೇಳುವ ಊರುಗಳೂ ಉಂಟು. ನಾಳೆ ಅವರ ಮನೆಯ ಮದುವೆಗೆ ಅಷ್ಟನ್ನೋ ತುಸು ಹೆಚ್ಚನ್ನೋ ಹಿಂತಿರುಗಿಸಲು ಬೇಕಾದ ಲೆಕ್ಕ ಅದು. ನೆನಪಿಗೆಂದು ಯಾರೂ ಇಟ್ಟದ್ದಲ್ಲ. ಆದರೂ ಅಟ್ಟದಿಂದ ಅಂಥದೊಂದು ಪುಸ್ತಕ ಇಳಿದರೆ ಹಿರಿಯರು ಕೆಳಗಿಡುವುದಿಲ್ಲ. ‘ಬಳೆಗಾರನೂ ಬಂದಿದ್ದನೇ! ಎರಡು ರೂಪಾಯಿ ಹಾಕಿದಾನೆ ನೋಡು, ಆ ಬರದ ವರ್ಷದಲ್ಲಿ!’ ಹಾರೈಕೆಯ ಒಂದಕ್ಷರವೂ ಇಲ್ಲದ ಪುಸ್ತಕ ಇಷ್ಟು ಮಾತಾಡುತ್ತದೆ. ಬಂದವರನ್ನು ಅದು ಅವರಿಗೆ ಗೊತ್ತಿದ್ದುದನ್ನೇ ಕೇಳಿತ್ತಲ್ಲ!

ಹಾರೈಕೆಯನ್ನೇ ಬರೆಯಿರಿ ಎಂದರೆ ನಮ್ಮವರು ಕಕ್ಕಾಬಿಕ್ಕಿ. ತಂತಿ ಇಲಾಖೆಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಶುಭಾಶಯದ ಸಿದ್ಧ ವಾಕ್ಯಗಳ ಪಟ್ಟಿ ಮಾಡಿ ಒಂದೊಂದಕ್ಕೂ ನಂಬರು ಕೊಟ್ಟಿದ್ದರು. ದೀಪಾವಳಿಗೊಂದು, ಮಗು ಹುಟ್ಟಿದ್ದಕ್ಕೊಂದು, ಮದುವೆಗೊಂದು. ತಂತಿಯಲ್ಲಿ ಹೋಗುತ್ತಿದ್ದುದು ನಂಬರು. ಆ ಕಡೆಯ ಕಚೇರಿಯಲ್ಲಿ ಅದು ದೀರ್ಘ ಸುಖ ದಾಂಪತ್ಯವಾಗಿ ಅರಳುತ್ತಿತ್ತು. 2013ರ ಜುಲೈಯಲ್ಲಿ ತಂತಿ ಸೇವೆ ನಿಂತಿತು, ನಂಬರಿನ ಹಾರೈಕೆ ನಿಲ್ಲಲಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೊದಲು ಎದ್ದವರು ಹಾಕಿದ ಹೂಗುಚ್ಛವನ್ನೇ ಉಳಿದವರೂ ಹಾಕುತ್ತ ಹೋಗುತ್ತಾರೆ.

ಬೆಂಗಳೂರಿನ ಛತ್ರಗಳ ಬಾಗಿಲಲ್ಲಿ ಈಚೆಗೆ ಕಾಣುವ ಮಿರಮಿರ ರಟ್ಟಿನ ಪುಸ್ತಕದ ಗತಿಯೂ ಇಷ್ಟೇ. ಮೊದಲನೆಯವರು ‘ವಿಶ್ ಯೂ ಹ್ಯಾಪಿ ಮ್ಯಾರೀಡ್ ಲೈಫ್’ ಎಂದು ಬರೆದರೆ ಕೊನೆಯ ಪುಟದವರೆಗೂ ಅದೇ, ಸಹಿ ಮಾತ್ರ ಬೇರೆ. ಎಲೆಯಿಲ್ಲದ ಮರದ ಚಿತ್ರವಿಟ್ಟು, ಬಂದವರ ಹೆಬ್ಬೆರಳ ಗುರುತನ್ನೇ ಎಲೆ ಮಾಡುವ ಉಪಾಯವೊಂದಿದೆ. ನೋಡಲು ಚೆಂದ. ಆದರೆ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿದವರ ಮನೆಯಲ್ಲಿ ಬೆಳೆದವರು ಆ ನೀಲಿ ಪ್ಯಾಡು ಕಂಡರೆ ಹಿಂದೆ ಸರಿಯುತ್ತಾರೆ. ಮೇಲಾಗಿ ಉಟ್ಟಿರುವುದು ರೇಷ್ಮೆ ಸೀರೆ.

ನನಗೆ ಹಿಡಿಸಿದ್ದು ಹಳೆಯ ಡಯಲ್ ಫೋನು. ರಿಸೀವರ್ ಎತ್ತಿದರೆ ಮದುಮಕ್ಕಳ ದನಿ ಕೇಳುತ್ತದೆ, ಆಮೇಲೆ ನಾವಾಡಿದ್ದು ರೆಕಾರ್ಡ್ ಆಗುತ್ತದೆ. ಪರಿಚಯದವರ ಮದುವೆಯಲ್ಲಿ ಅಜ್ಜಿಯೊಬ್ಬರು ಎತ್ತಿಕೊಂಡು, ‘ಹಲೋ, ಯಾರು ಮಾತಾಡೋದು? ನಾವು ಮದುವೆಮನೇಲಿದೀವಿ, ಆಮೇಲೆ ಮಾಡಿ’ ಎಂದು ಇಟ್ಟೇಬಿಟ್ಟರು. ಮೊಮ್ಮಗಳು ತಿಳಿಸಿಹೇಳಿದ ಮೇಲೆ ಮತ್ತೆ ಎತ್ತಿ, ಮದುಮಕ್ಕಳ ಹೆಸರು ಸೇರಿಸಿ ಒಂದು ಸೋಬಾನೆ ಪದ ಪೂರ್ತಿ ಹಾಡಿದರು. ಪುಸ್ತಕ ಚಾಚಿದ್ದರೆ ‘ಕಣ್ಣು ಕಾಣಲ್ಲ ಕಣಮ್ಮ’ ಎಂದು ಮುಂದೆ ಹೋಗುತ್ತಿದ್ದರು.

ಇನ್ನು ಬರೆಸಲೇಬೇಕೆಂದರೆ ಜಾಗ ಬಾಗಿಲಲ್ಲ, ಊಟದ ಮನೆಯ ಮುಂದೆ. ಮೊದಲ ಪಂಕ್ತಿಯವರ ಎಲೆಗೆ ಮಜ್ಜಿಗೆ ಬಿತ್ತೇ ಎಂದು ಇಣುಕುತ್ತ ಎರಡನೇ ಪಂಕ್ತಿಯವರು ನಿಂತಿರುತ್ತಾರಲ್ಲ, ಮದುವೆಮನೆಯಲ್ಲಿ ಪುರುಸೊತ್ತು ಇರುವುದು ಅವರಿಗೊಬ್ಬರಿಗೇ. ನನ್ನ ಅಕ್ಕನ ಮಗಳ ಮದುವೆಯಲ್ಲಿ ಅವರ ಕೈಗೆ ಚೀಟಿ ಕೊಟ್ಟೆವು, ಚೀಟಿಯಲ್ಲೊಂದು ಪ್ರಶ್ನೆ. ಉಸ್ತುವಾರಿಗೆ ಐದನೇ ಕ್ಲಾಸಿನ ಹುಡುಗಿಯನ್ನು ನಿಲ್ಲಿಸಿದ್ದರಿಂದ ಯಾರೂ ತಪ್ಪಿಸಿಕೊಳ್ಳಲಾಗಲಿಲ್ಲ, ಒಂದು ಪೆನ್ನೂ ಕಳೆಯಲಿಲ್ಲ. ‘ಜಗಳವಾದ ದಿನ ಅಡುಗೆ ಯಾರು ಮಾಡಬೇಕು?’ ಎಂಬುದಕ್ಕೆ ಒಬ್ಬರು ‘ಗೆದ್ದವರು’ ಎಂದು ಬರೆದರು. ಇನ್ನೊಬ್ಬರದು: ‘ಅನ್ನಕ್ಕಿಟ್ಟು ಆಮೇಲೆ ಜಗಳ ಶುರು ಮಾಡಬೇಕು.’ ‘ಮದುಮಗಳ ಒಂದು ತಂಟೆ ಹೇಳಿ’ ಎಂಬುದಕ್ಕೆ ಹಳೆಯ ನೆರೆಮನೆಯವರ ಉತ್ತರ: ‘ನಮ್ಮ ಕಿಟಕಿ ಗಾಜು ಒಡೆದವಳು ನೀನೇ ಅಂತ ಆವತ್ತೇ ಗೊತ್ತಿತ್ತು. ಸುಖವಾಗಿರು.’ ಗಂಡನ ಹೆಸರನ್ನು ಒಡಪಿನಲ್ಲಿಟ್ಟು ಹೇಳುವತನಕ ಮದುಮಗಳನ್ನು ಒಳಗೆ ಬಿಡದ ಉತ್ತರ ಕರ್ನಾಟಕದ ಹೆಂಗಸರಿಗೆ ಈ ಗುಟ್ಟು ಹೊಸದಲ್ಲ. ಇಕ್ಕಟ್ಟಿಗೆ ಸಿಕ್ಕಿಸಿದರೆ ಬಾಯಿಲ್ಲದವಳೆಂದು ಹೆಸರಾದವಳೂ ಪ್ರಾಸ ಕಟ್ಟುತ್ತಾಳೆ.

ಚೀಟಿಗೆ ಸಿಗದೆ ಹೋದವರಿಗೆ ಅಂಚೆ ಕಾರ್ಡು. 1879ರಲ್ಲಿ ನಮ್ಮ ದೇಶದಲ್ಲಿ ಕಾಲಾಣೆಗೆ ಶುರುವಾದ ಕಾರ್ಡಿಗೆ 50 ಪೈಸೆ. ಆ ಬೆಲೆಗೆ ಒಂದು ಊಟದೆಲೆಯೂ ಬರುವುದಿಲ್ಲ. ಕಟ್ಟುಗಟ್ಟಲೆ ಕೇಳಿದ್ದಕ್ಕೆ ಅಂಚೆಯವರು ‘ಯಾವ ಚಳವಳಿಗೆ?’ ಎಂದರು. ಮದುಮಕ್ಕಳ ವಿಳಾಸ ನಾವೇ ಬರೆದು, ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಪಕ್ಕ ಒಂದೊಂದನ್ನು ಸೇರಿಸಿದೆವು. ಬಹಳಷ್ಟು ಕಾರ್ಡುಗಳು ಆ ಚೀಲಗಳಲ್ಲೇ ಉಳಿದಿರಬೇಕು. ಬಂದವು ಮಾತ್ರ ನೆಂಟರೆಲ್ಲ ಊರಿಗೆ ಮರಳಿ, ಮನೆಯಲ್ಲಿ ಇಬ್ಬರೇ ಉಳಿದ ಮೇಲೆ ಒಂದೊಂದಾಗಿ ಬಂದವು. ಮದುಮಗನ ಸೋದರಮಾವ ಹೀಗೆ ಬರೆದಿದ್ದರು: ‘ಕಾರ್ಯ ಸಾಂಗವಾಯಿತು, ಸಂತೋಷ. ಎರಡನೇ ಪಂಕ್ತಿಯ ಕೊನೆಯ ಸಾಲಿಗೆ ಹೋಳಿಗೆ ಬರಲಿಲ್ಲ. ದೀಪಾವಳಿಗೆ ನೀವಿಬ್ಬರೂ ಬರುವಾಗ ತರತಕ್ಕದ್ದು.’ ಡಬ್ಬಿ ತುಂಬ ಒಯ್ದರಂತೆ. ಮಾವನವರು ತಿಂದು, ತುಪ್ಪ ತರಲಿಲ್ಲವೇ ಎಂದರಂತೆ.