ಅಭಿಪ್ರಾಯವೂ ಎಕರೆಯ ಲೆಕ್ಕವೂ

ಯಾರಾದರೂ ಅಭಿಪ್ರಾಯ ಕೇಳಿದಾಗ ನಾವು ಆಲೋಚಿಸಿ ಉತ್ತರ ಕೊಡುತ್ತೇವೆಂದು ನಂಬಿದ್ದೇವೆ. ವಾಸ್ತವವಾಗಿ ಬಹುಪಾಲು ಸಂದರ್ಭಗಳಲ್ಲಿ ಉತ್ತರವು ಮೊದಲೇ ಸಿದ್ಧವಾಗಿರುತ್ತದೆ. ಆಲೋಚನೆಯು ಅದಕ್ಕೆ ಸಾಕ್ಷಿಗಳನ್ನು ಹುಡುಕಲು ಆಮೇಲೆ ಹೊರಡುತ್ತದೆ. ಪಾವಗಡ ಸೀಮೆಯ ಒಂದು ವಾದವನ್ನು ವರ್ಷಗಳಿಂದ ಕೇಳುತ್ತ ಬಂದ ನನಗೆ ಈ ಮಾತು ದೃಢವಾಗಿದೆ.

ಕ್ಯಾತಗಾನಚೆರ್ಲು, ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ಪ್ರದೇಶದಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವಿರುವುದನ್ನು ವಾಚಕರು ಬಲ್ಲರು. 2018ರಲ್ಲಿ ಉದ್ಘಾಟನೆಗೊಂಡ ಅದು 2019ರ ಕೊನೆಯಲ್ಲಿ ಪೂರ್ಣಗೊಂಡಿತು. ರೈತರ ಭೂಮಿಯನ್ನು ಕ್ರಯಕ್ಕೆ ಕೊಳ್ಳದೆ ದೀರ್ಘಕಾಲದ ಗುತ್ತಿಗೆಗೆ ಪಡೆದದ್ದು ಅದರ ವಿಶೇಷ. ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಎರಡು ವರ್ಷಗಳಿಗೊಮ್ಮೆ ಶೇಕಡಾ 5ರಷ್ಟು ಹೆಚ್ಚಳ.

ಇದು ವರವೋ ಶಾಪವೋ? ನನ್ನ ಹತ್ತಿರದ ಬಂಧುಗಳ ಹೊಲವೂ ಆ ಬೇಲಿಯೊಳಗಿದೆ. ಆದಕಾರಣ ‘ವರ’ ಎಂಬ ಮಾತು ನನ್ನ ನಾಲಗೆಗೆ ಬಹುಬೇಗ ಬರುತ್ತದೆ. ಅಷ್ಟು ಬೇಗ ಬರುವ ಮಾತನ್ನು ತಡೆದು ವಿಚಾರಿಸುವುದು ಅಗತ್ಯವೆನಿಸಿ ಲೆಕ್ಕಕ್ಕೆ ಕುಳಿತೆನು. ಮೂವತ್ತು ಎಕರೆಯವನಿಗೆ ಮೊದಲ ವರ್ಷದಲ್ಲಿ ದೊರೆಯುವುದು 6,30,000 ರೂಪಾಯಿ. ಕಡಲೆಕಾಯಿ ಬಿತ್ತಿ ಮುಗಿಲು ನೋಡುತ್ತಿದ್ದ ಮನೆಗೆ ಇದು ನಿಸ್ಸಂದೇಹವಾಗಿ ಭಾಗ್ಯವೇ. ಮೂರು ಎಕರೆಯವನಿಗೆ 63,000, ಅಂದರೆ ತಿಂಗಳಿಗೆ 5,250. ಎರಡು ವರ್ಷಕ್ಕೆ ಶೇಕಡಾ 5 ಏರುವ ಗುತ್ತಿಗೆಗಿಂತ ಅಂಗಡಿಯ ಬೆಲೆಗಳು ವೇಗವಾಗಿ ಏರುವುದನ್ನು ಯಾವ ಗೃಹಿಣಿಯೂ ಹೇಳಬಲ್ಲಳು. ಭೂಮಿಯೇ ಇಲ್ಲದ ಕೂಲಿಯವನಿಗೆ ಬಂದದ್ದು ಸೊನ್ನೆ. ಕಳೆ ಕೀಳುವ, ಕಾಯಿ ಬಿಡಿಸುವ ಕೆಲಸ ಹೋಯಿತು. ಫಲಕಗಳನ್ನು ತೊಳೆಯುವ, ಹುಲ್ಲು ಕತ್ತರಿಸುವ, ಕಾವಲು ಕಾಯುವ ಕೆಲಸ ಕೆಲವರಿಗೆ ಮಾತ್ರ ದೊರೆಯಿತು. ಕುರಿ ಮೇಯಿಸುವವನು ಬೇಲಿಯ ಸುತ್ತ ನಡೆಯಬೇಕಾಯಿತು.

ಹಾಗೆಂದು ಶಾಪವೆನ್ನುವವರ ಮಾತನ್ನೂ ತಡೆದು ನೋಡಬೇಕು. ಅವರಲ್ಲಿ ಅನೇಕರು ಯೋಜನೆಗೆ ಮೊದಲಿನ ಪಾವಗಡವನ್ನು ಹಸುರು ಸೀಮೆಯೆಂಬಂತೆ ವರ್ಣಿಸುತ್ತಾರೆ! ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಟವರು ಅಂದೂ ಇದ್ದರು. ಇಂದಿನ ಕಷ್ಟವನ್ನು ಅಂದಿನ ಕಷ್ಟದೊಡನೆ ತೂಗಬೇಕೇ ಹೊರತು ಕಲ್ಪಿತ ಸುಭಿಕ್ಷದೊಡನೆ ಅಲ್ಲ.

ಪಟ್ಟಣದ ಮಿತ್ರರೊಬ್ಬರಿಗೆ ಇದನ್ನೆಲ್ಲ ಹೇಳಿದಾಗ ‘ಕೊನೆಗೆ ಒಂದು ಮಾತಿನಲ್ಲಿ ಹೇಳಿ’ ಎಂದರು. ಒಂದು ಮಾತಿನಲ್ಲಿ ಹೇಳಬೇಕೆಂಬ ಈ ಆತುರವೇ ಪಕ್ಷಪಾತಕ್ಕೆ ಹೆಬ್ಬಾಗಿಲೆಂದು ನನಗೆ ತೋರುತ್ತದೆ.

ಯೋಜನೆಯನ್ನು ವಿಸ್ತರಿಸುವ ಮಾತು ಈಚೆಗೆ ಕೇಳಿಬಂದಿದೆ. ನಾಲ್ಕು ಎಕರೆಯ ಒಡೆಯನಾದ ನನ್ನ ಸೋದರಳಿಯನು ಬಂದು, ‘ಮಾವ, ಹೊಲ ಕೊಡಲೋ ಬೇಡವೋ?’ ಎಂದು ಕೇಳಿದನು. ಬಂಧುಗಳ ಮನೆಯ ಹೊಸ ಮಹಡಿ ಅವನ ಕಣ್ಣಲ್ಲಿತ್ತು. ಅವರದು ಇಪ್ಪತ್ತೆಂಟು ಎಕರೆ ಎಂಬುದು ಇರಲಿಲ್ಲ. ಹೆಚ್ಚಳವು ಪ್ರತಿ ವರ್ಷವೂ ಬೆಲೆಗಳ ಏರಿಕೆಗೆ ತಕ್ಕಂತೆ ಇರುವುದಾದರೆ, ಮನೆಯೊಬ್ಬರಿಗೆ ಕೆಲಸದ ಭರವಸೆಯು ಪತ್ರದಲ್ಲಿ ಬರೆಯಲ್ಪಡುವುದಾದರೆ ಕೊಡು. ಇಲ್ಲವಾದರೆ ತಡೆ ಎಂದೆನು. ಸಹಿ ಹಾಕುವ ಮುನ್ನ ಊರ ಕುರಿಗಾಹಿಯನ್ನೂ ಒಮ್ಮೆ ಕೇಳಿ ಬಾ ಎಂದೆನು. ‘ಅವನನ್ನೇಕೆ ಕೇಳಬೇಕು? ಅವನಿಗೆ ಭೂಮಿಯೇ ಇಲ್ಲವಲ್ಲ’ ಎಂದನು ಹುಡುಗ. ಅದಕ್ಕಾಗಿಯೇ ಎಂದು ಹೇಳಿ ಕಳುಹಿಸಿದೆನು.